ಮಣ್ಣು ಮುಚ್ಚೋಕೆ ಮುಂಚೆ ನೋಡಿ



ಬೆಂಗಳೂರಿನಲ್ಲಿ ಇರೋರು ಯಾರೇ ಆಗಲಿ, ಈ ದೃಶ್ಯ ನೋಡೇ ನೋಡಿರ್ತೀರಿ. ರಸ್ತೆ ಪಕ್ಕ ಉದ್ದಕ್ಕೆ ಒಂದು ಗುಂಡಿ. ಅದರ ಸುತ್ತ ಅರ್ಧ ಹರಿದ ಹಸಿರು ಬಲೆ. ಪಕ್ಕದಲ್ಲಿ ಆಳೆತ್ತರದ ಮರದ ಚಕ್ರ, ಅದಕ್ಕೆ ಸುತ್ತಿರೋದು ತೋಳಿನ ದಪ್ಪದ ಕೇಬಲ್. ನೀವು ಬೈಕ್ ನಿಧಾನ ಮಾಡ್ತೀರಿ, ಒಂದು ಸಲ ಬೈಕೊಳ್ತೀರಿ, "ಇದನ್ನ ಯಾವಾಗಪ್ಪಾ ಮುಚ್ತಾರೆ?" ಅಂತ ಕೇಳ್ಕೊಂಡು ಮುಂದೆ ಹೋಗ್ತೀರಿ.

ಇವತ್ತು ಒಂದೇ ಒಂದು ವಿನಂತಿ. ಆ ಪ್ರಶ್ನೆಯನ್ನ ಸ್ವಲ್ಪ ಬದಲಾಯಿಸೋಣ. ಯಾವಾಗ ಮುಚ್ತಾರೆ ಅನ್ನೋದನ್ನ ಆಮೇಲೆ ಕೇಳೋಣ. ಮುಚ್ಚೋಕೆ ಮುಂಚೆ ಏನು ಹಾಕ್ತಿದ್ದಾರೆ ಅಂತ ಮೊದಲು ಕೇಳೋಣ. ಯಾಕಂದ್ರೆ ಒಂದು ಸಲ ಮಣ್ಣು ಮುಚ್ಚಿದ್ರೆ, ಅದರ ಮೇಲೆ ಡಾಂಬರು ಬಿದ್ರೆ, ಮುಂದಿನ ಮೂವತ್ತು ನಲವತ್ತು ವರ್ಷ ಅದನ್ನ ಯಾರೂ ನೋಡಲ್ಲ. ಸರ್ಕಾರ ಕೊಳ್ಳೋ ಬಸ್ಸು ಕೆಟ್ಟಿದ್ರೆ ರಸ್ತೆಯಲ್ಲಿ ನಿಲ್ಲುತ್ತೆ, ಎಲ್ಲರಿಗೂ ಕಾಣುತ್ತೆ. ಶಾಲೆಯ ಕಟ್ಟಡ ಕಳಪೆಯಾದ್ರೆ ಗೋಡೆ ಬಿರುಕು ಬಿಡುತ್ತೆ, ಕಾಣುತ್ತೆ. ಕೇಬಲ್ ಒಂದು ಮಾತ್ರ ಕೊಂಡ ಕೂಡಲೇ ಹೂತು ಹಾಕೋ ಸಾಮಾನು. ಸಾರ್ವಜನಿಕ ದುಡ್ಡಿನಲ್ಲಿ ತಂದು, ಸಾರ್ವಜನಿಕರ ಕಣ್ಣಿಗೆ ಎಂದೂ ಬೀಳದೇ ಇರೋ ಸಾಮಾನು.

ಮೊದಲೇ ಸ್ಪಷ್ಟ ಮಾಡ್ತೀನಿ. ನೆಲದಡಿ ಕೇಬಲ್ ಹಾಕೋದಕ್ಕೆ ನನ್ನ ವಿರೋಧ ಇಲ್ಲ. ಹಾಕಲೇಬೇಕು. ಬೆಂಗಳೂರಿಗೆ ಶಿವನಸಮುದ್ರದಿಂದ ಕರೆಂಟ್ ಬಂದಿದ್ದು 1905ರಲ್ಲಿ. ಅವತ್ತಿಂದ ಈ ಊರು ತಂತಿಯ ಕೆಳಗೇ ಬೆಳೆದಿದೆ. ಆ ತಂತಿ ಏನು ಮಾಡಬಲ್ಲದು ಅನ್ನೋದೂ ನಮಗೆ ಗೊತ್ತು. 2023ರ ನವೆಂಬರ್ 19, ಭಾನುವಾರ. ನಿಮಗೆ ಆ ದಿನ ಬೇರೆ ಕಾರಣಕ್ಕೆ ನೆನಪಿರುತ್ತೆ, ಅವತ್ತು ಅಹಮದಾಬಾದ್‌ನಲ್ಲಿ ವಿಶ್ವಕಪ್ ಫೈನಲ್. ಅದೇ ದಿನ ಬೆಳಗಿನ ಜಾವ ವೈಟ್‌ಫೀಲ್ಡ್ ಹತ್ತಿರದ ಹೋಪ್ ಫಾರ್ಮ್ ಜಂಕ್ಷನ್‌ನಲ್ಲಿ, ಮನೆ ಕಡೆ ನಡೆದು ಹೋಗ್ತಿದ್ದ ಒಬ್ಬ ತಾಯಿ ಫುಟ್‌ಪಾತ್ ಮೇಲೆ ಹರಿದು ಬಿದ್ದಿದ್ದ ತಂತಿ ತುಳಿದರು. ಕಂಕುಳಲ್ಲಿ ಹಸುಗೂಸು. ಇಬ್ಬರೂ ಉಳಿಯಲಿಲ್ಲ. ಆ ತಾಯಿ ಮಾಡಿದ ತಪ್ಪೇನು? ಫುಟ್‌ಪಾತ್ ಮೇಲೆ ನಡೆದದ್ದು. ನಡೀರಿ ಅಂತಲೇ ತಾನೇ ಫುಟ್‌ಪಾತ್ ಮಾಡಿರೋದು?

ಹಾಗಾಗಿ ತಂತಿ ನೆಲದ ಕೆಳಗೆ ಹೋಗಲಿ. ಬೆಸ್ಕಾಂ ಈಚಿನ ವರ್ಷಗಳಲ್ಲಿ ಸಾವಿರಾರು ಕೋಟಿ ರೂಪಾಯಿ ಲೆಕ್ಕದಲ್ಲಿ ಆ ಕೆಲಸ ಕೈಗೆತ್ತಿಕೊಂಡಿದೆ. ಒಳ್ಳೆಯದೇ. ಆದ್ರೆ ಸಾವಿರಾರು ಕೋಟಿ ಅನ್ನೋದು ಆಕಾಶದಿಂದ ಬೀಳಲ್ಲ. ಸಾಲ ಮಾಡಿದ್ರೆ ಸಾಲದ ಬಡ್ಡಿ, ಸವಕಳಿ, ನಿರ್ವಹಣೆ ಎಲ್ಲವೂ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ದರದ ಅರ್ಜಿಯ ಒಳಗೆ ಬಂದು ಕೂರುತ್ತೆ. ಅಲ್ಲಿಂದ ನಿಮ್ಮ ಬಿಲ್ಲಿಗೆ. ಅಂದ್ರೆ ಆ ಮರದ ಚಕ್ರದಲ್ಲಿ ಸುತ್ತಿರೋ ಕೇಬಲ್ ನಿಮ್ಮದು. ದುಡ್ಡು ಕೊಡೋರು ನೀವು. ಸಾಮಾನು ನೋಡೋ ಹಕ್ಕು ಇಲ್ವಾ?

ನಾನು ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಬಂದು ಸೇರಿದ್ದು ಟಿವಿಗೆ. ನಮ್ಮ ತಂದೆ ಇವತ್ತಿಗೂ ಅದನ್ನ ಎತ್ತಿ ಆಡ್ತಾರೆ, ಇರಲಿ. ಕಾಲೇಜಿನ ಲ್ಯಾಬ್‌ನಲ್ಲಿ ನಮಗೊಬ್ಬರು ಮೇಷ್ಟ್ರಿದ್ದರು. ಒಂದು ದಿನ ಒಂದು ಮೀಟರ್ ಉದ್ದದ ಕೇಬಲ್ ತುಂಡು ತಂದು ಮೇಜಿನ ಮೇಲೆ ಇಟ್ಟರು. "ಇದು ಸರಿಯಾದ ಮಾಲೋ ಅಲ್ವೋ, ಹೇಗೆ ಹೇಳ್ತೀರಿ?" ಅಂದರು. ನಾವು ಹುಡುಗರು ವೋಲ್ಟೇಜ್ ಅಂದ್ವಿ, ಆಂಪಿಯರ್ ಅಂದ್ವಿ, ಇಂಟರ್ನಲ್ ಮಾರ್ಕ್ಸ್ ಸಿಗಲಿ ಅಂತ ಏನೇನೋ ಅಂದ್ವಿ. ಮೇಷ್ಟ್ರು ಕ್ಯಾಂಟೀನ್‌ನಿಂದ ತಕ್ಕಡಿ ತರಿಸಿದರು. ಕೇಬಲ್ ಸಿಪ್ಪೆ ಬಿಡಿಸಿ, ಒಳಗಿನ ಅಲ್ಯೂಮಿನಿಯಂ ತೆಗೆದು ತೂಕಕ್ಕೆ ಹಾಕಿದರು. "ಮೊದಲು ಇದನ್ನ ಮಾಡಿ. ಓಮ್ಸ್ ನಿಯಮ ಆಮೇಲೆ" ಅಂದರು.

ಆ ಪಾಠ ಇವತ್ತು ನಿಮಗೆ ಹೇಳ್ತೀನಿ, ಪೆನ್ನು ಹಿಡ್ಕೊಳ್ಳಿ.

ನಗರದ ಬೀದಿಯಲ್ಲಿ ಹನ್ನೊಂದು ಸಾವಿರ ವೋಲ್ಟಿನ ಲೈನಿಗೆ ಹಾಕೋ ದಪ್ಪನೆಯ ಕೇಬಲ್ಲುಗಳಲ್ಲಿ ಒಂದು, ಮೂರು ಕೋರಿನ 400 ಚದರ ಮಿಲಿಮೀಟರ್ ಕೇಬಲ್. ಅದರೊಳಗೆ ಮೂರು ಅಲ್ಯೂಮಿನಿಯಂ ಹುರಿ. ಪ್ರತಿ ಹುರಿಯ ಸುತ್ತ ಎಕ್ಸ್‌ಎಲ್‌ಪಿಇ ಅನ್ನೋ ಪ್ಲಾಸ್ಟಿಕ್ ಜಾತಿಯ ಹೊದಿಕೆ, ಮೂರೂವರೆ ಮಿಲಿಮೀಟರ್ ಆಸುಪಾಸು ದಪ್ಪ. ಅದರ ಮೇಲೆ ತೆಳುವಾದ ಲೋಹದ ಪದರ, ಮೇಲೆ ಉಕ್ಕಿನ ಕವಚ, ಎಲ್ಲಕ್ಕಿಂತ ಹೊರಗೆ ಬಣ್ಣದ ಹೊದಿಕೆ. ನಮಗೆ ಕಾಣೋದು ಆ ಬಣ್ಣ ಮಾತ್ರ.

ಅಲ್ಯೂಮಿನಿಯಂ ಎಷ್ಟಿರಬೇಕು? ಒಂದು ಮೀಟರ್ ಕೇಬಲ್ಲಿಗೆ ಸುಮಾರು ಮೂರು ಕೆ.ಜಿ. ಒಂದು ಕಿಲೋಮೀಟರ್‌ಗೆ ಸುಮಾರು ಮೂರು ಟನ್. ಈಗ ಒಬ್ಬ ಪೂರೈಕೆದಾರ, ಯಾರು ಅಂತ ಕೇಳಬೇಡಿ, ಲೆಕ್ಕಕ್ಕೆ ಒಬ್ಬ, ಅದರಲ್ಲಿ ಶೇಕಡಾ ಹತ್ತು ಕಡಿಮೆ ಹಾಕಿದ ಅಂತ ಇಟ್ಕೊಳ್ಳಿ. ಕಿಲೋಮೀಟರ್‌ಗೆ 300 ಕೆ.ಜಿ. ಉಳಿತಾಯ. ಕೆ.ಜಿ.ಗೆ 250 ರೂಪಾಯಿ ಅಂತ ಹಿಡಿದ್ರೂ 75,000 ರೂಪಾಯಿ ಜೇಬಿಗೆ. ಮೇಲೆ ಅದೇ ಬಣ್ಣ, ಅದೇ ಅಚ್ಚು, ಅದೇ ಚಕ್ರ.

"ಹೋಗ್ಲಿ ಬಿಡಿ, ಎಪ್ಪತ್ತೈದು ಸಾವಿರ ತಾನೇ, ಇದಕ್ಕಿಂತ ದೊಡ್ಡದನ್ನ ನುಂಗಿದೋರು ಇದ್ದಾರೆ" ಅಂತೀರಾ? ಇನ್ನೊಂದು ನಿಮಿಷ ಇರಿ.

ಅಲ್ಯೂಮಿನಿಯಂ ಕಡಿಮೆಯಾದ್ರೆ ಅದರ ಪ್ರತಿರೋಧ ಜಾಸ್ತಿ ಆಗುತ್ತೆ. ನೀರಿನ ಪೈಪ್ ಸಣ್ಣದಾದ ಹಾಗೆ. ಈ ಗಾತ್ರದ ಹುರಿಗೆ ಒಂದು ಕಿಲೋಮೀಟರ್‌ಗೆ 0.0778 ಓಮ್‌ಗಿಂತ ಹೆಚ್ಚು ಇರಬಾರದು ಅಂತ ಭಾರತೀಯ ಮಾನಕ ಹೇಳುತ್ತೆ. ನೋಡೋಕೆ ಎಷ್ಟು ಸಣ್ಣ ಸಂಖ್ಯೆ! ಆದ್ರೆ ಅದರಲ್ಲಿ 300 ಆಂಪಿಯರ್ ಹರಿದ್ರೆ, ಮೂರು ಹುರಿ ಸೇರಿ ಒಂದು ಕಿಲೋಮೀಟರ್‌ನಲ್ಲಿ 21 ಕಿಲೋವ್ಯಾಟ್ ಬರೀ ಶಾಖವಾಗಿ ಮಣ್ಣಿಗೆ ಹೋಗುತ್ತೆ. ಇದು ಸರಿಯಾದ ಕೇಬಲ್ಲಿನ ಲೆಕ್ಕ, ಇದು ತಪ್ಪಿದ್ದಲ್ಲ. ಪ್ರತಿರೋಧ ಶೇಕಡಾ ಹತ್ತು ಜಾಸ್ತಿ ಇದ್ರೆ ಇನ್ನೂ 2.1 ಕಿಲೋವ್ಯಾಟ್ ಹೆಚ್ಚಿಗೆ ಸುಡುತ್ತೆ. ವರ್ಷದಲ್ಲಿ 8,760 ಗಂಟೆ. ಗುಣಿಸಿ. 18,000 ಯೂನಿಟ್ ದಾಟುತ್ತೆ. ಹಗಲು ರಾತ್ರಿ ಅಷ್ಟೇ ಲೋಡ್ ಇರಲ್ಲ, ಒಪ್ಪಿದೆ, ಅರ್ಧಕ್ಕೆ ಇಳಿಸಿ. 9,000 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂತ ಹಾಕಿದ್ರೂ ವರ್ಷಕ್ಕೆ ಸುಮಾರು 55,000 ರೂಪಾಯಿ. ಮೂವತ್ತು ವರ್ಷಕ್ಕೆ ಹದಿನಾರು ಲಕ್ಷದ ಮೇಲೆ.

ಅಂದ್ರೆ ಏನಾಯ್ತು? ಅವನು ಒಂದು ಸಲ 75,000 ಉಳಿಸಿಕೊಂಡ. ನೀವು ಹದಿನಾರು ಲಕ್ಷ ಕಟ್ಟಿದ್ರಿ. ಇದು ಒಂದೇ ಒಂದು ಕಿಲೋಮೀಟರ್‌ಗೆ. ಬೆಂಗಳೂರಿನಲ್ಲಿ ಎಷ್ಟು ಕಿಲೋಮೀಟರ್ ರಸ್ತೆ ಇದೆ ಅಂತ ನೀವೇ ಯೋಚನೆ ಮಾಡಿ. ಲಂಚ ಕೊಟ್ಟವನನ್ನ ಹಿಡಿಯಬಹುದು, ತಗೊಂಡವನನ್ನ ಹಿಡಿಯಬಹುದು. ಈ ಹದಿನಾರು ಲಕ್ಷವನ್ನ ಯಾರ ಮನೆ ಮೇಲೆ ದಾಳಿ ಮಾಡಿದ್ರೂ ಹಿಡಿಯೋಕಾಗಲ್ಲ. ಅದು ಯಾರ ಬೀರುವಿನಲ್ಲೂ ಇರಲ್ಲ. ಮಣ್ಣಿನಲ್ಲಿ ಶಾಖವಾಗಿ ಹೋಗಿರುತ್ತೆ.

ಹಾಗಾದ್ರೆ ಕೊಳ್ಳೋದು ಹೇಗೆ? ಇಲ್ಲಿಂದ ಟೆಂಡರ್ ಕಥೆ.

ನಮ್ಮ ರಾಜ್ಯದಲ್ಲಿ ಸರ್ಕಾರಿ ಖರೀದಿಗೆ ಒಂದು ಕಾನೂನಿದೆ, ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಕಚೇರಿ ಭಾಷೆಯಲ್ಲಿ ಕೆಟಿಪಿಪಿ ಆಕ್ಟ್. ಒಳ್ಳೆಯ ಕಾನೂನು. ಅದು ಬರೋಕೆ ಮುಂಚೆ ಖರೀದಿ ಅಂದ್ರೆ ಪರಿಚಯ. ಈಗ ಟೆಂಡರ್ ಆನ್‌ಲೈನ್. ಎರಡು ಲಕೋಟೆ ಪದ್ಧತಿ. ಮೊದಲನೇ ಲಕೋಟೆಯಲ್ಲಿ ತಾಂತ್ರಿಕ ಅರ್ಹತೆ: ಕಾರ್ಖಾನೆ ಇದೆಯಾ, ಅನುಭವ ಇದೆಯಾ, ಪರೀಕ್ಷಾ ವರದಿ ಇದೆಯಾ. ಅದರಲ್ಲಿ ಪಾಸಾದವರದ್ದು ಮಾತ್ರ ಎರಡನೇ ಲಕೋಟೆ ತೆರೀತಾರೆ, ಅದರಲ್ಲಿ ರೇಟು. ಯಾರು ಕಡಿಮೆಯೋ ಅವರೇ ಎಲ್-1. ಆರ್ಡರ್ ಅವರಿಗೆ.

ಕೇಳೋಕೆ ನ್ಯಾಯವಾಗಿದೆ. ತರಕಾರಿ ಮಾರ್ಕೆಟ್‌ನಲ್ಲಿ ನಾವೂ ಹಾಗೇ ಮಾಡ್ತೀವಿ. ಆದ್ರೆ ಮನೆಗೆ ಫ್ರಿಜ್ ಕೊಳ್ಳುವಾಗ? ಆಗ ಸ್ಟಾರ್ ನೋಡ್ತೀವಿ. ಎರಡು ಸಾವಿರ ಜಾಸ್ತಿ ಆದ್ರೂ ಕರೆಂಟ್ ಬಿಲ್ ಉಳಿಯುತ್ತಲ್ಲ ಅಂತ ಲೆಕ್ಕ ಹಾಕ್ತೀವಿ. ಗೃಹಿಣಿಯರಿಗೆ ಗೊತ್ತಿರೋ ಈ ಲೆಕ್ಕ ದೊಡ್ಡ ಕಚೇರಿಗಳಿಗೂ ಗೊತ್ತು. ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಅದು ತನ್ನ ಜೀವಮಾನದಲ್ಲಿ ಎಷ್ಟು ವಿದ್ಯುತ್ ಪೋಲು ಮಾಡುತ್ತೆ ಅನ್ನೋದನ್ನ ಬೆಲೆಗೆ ಸೇರಿಸಿ ಹೋಲಿಸೋ ಪದ್ಧತಿ ನಮ್ಮ ದೇಶದಲ್ಲೇ ಇದೆ. ಕೇಬಲ್ಲಿಗೂ ಅದನ್ನ ಟೆಂಡರ್ ದಾಖಲೆಯಲ್ಲಿ ಮೊದಲೇ ಬರೆದಿಟ್ಟು, ಎಲ್ಲರಿಗೂ ಒಂದೇ ಅಳತೆಗೋಲು ಇಟ್ಟು ಹೋಲಿಸಿದ್ರೆ ಏನು ಕಷ್ಟ? ಆಗ ಎಲ್-1 ಅಂದ್ರೆ ಗೇಟಿನ ಹತ್ತಿರ ಅಗ್ಗ ಅಂತ ಅಲ್ಲ, ಮೂವತ್ತು ವರ್ಷಕ್ಕೆ ಅಗ್ಗ ಅಂತ ಆಗುತ್ತೆ.

ಇನ್ನೊಂದು ಸೂಕ್ಷ್ಮ ಇದೆ. ಕೇಬಲ್ಲನ್ನ ಯಾರು ಕೊಳ್ತಾರೆ? ಎರಡು ದಾರಿ. ಒಂದು, ವಿದ್ಯುತ್ ಕಂಪನಿಯೇ ಕೊಂಡು, ತನ್ನ ಉಗ್ರಾಣದಲ್ಲಿ ಇಳಿಸಿಕೊಂಡು, ಹಾಕೋ ಕೆಲಸವನ್ನ ಮಾತ್ರ ಗುತ್ತಿಗೆ ಕೊಡೋದು. ಇನ್ನೊಂದು ಟರ್ನ್‌ಕೀ. ಅಂದ್ರೆ ಕೇಬಲ್, ಅಗೆತ, ಜೋಡಣೆ, ರಸ್ತೆ ರಿಪೇರಿ ಎಲ್ಲ ಸೇರಿಸಿ ಒಬ್ಬನಿಗೇ ಒಪ್ಪಿಸೋದು. ಎರಡನೇ ದಾರಿಯಲ್ಲಿ ಕೇಬಲ್ ಕೊಳ್ಳೋನು ಗುತ್ತಿಗೆದಾರ. ಅನುಮೋದಿತ ತಯಾರಕರ ಪಟ್ಟಿ ಇರುತ್ತೆ, ನಿಜ. ಆದ್ರೆ ಕೇಬಲ್ಲಿನಲ್ಲಿ ಉಳಿದ ಪ್ರತಿ ರೂಪಾಯಿ ಅವನ ಲಾಭ. ಮೂವತ್ತು ವರ್ಷದ ನಷ್ಟ ಅವನದಲ್ಲ. ಗ್ಯಾರಂಟಿ ಅವಧಿ ಮುಗಿದ ಮೇಲೆ ಅವನು ಬೇರೆ ಊರಿನಲ್ಲಿ ಬೇರೆ ರಸ್ತೆ ಅಗೀತಿರ್ತಾನೆ. ಅವನು ಕೆಟ್ಟವನು ಅಂತ ನಾನು ಹೇಳ್ತಿಲ್ಲ. ವ್ಯವಸ್ಥೆ ಅವನನ್ನ ಯಾವ ಕಡೆಗೆ ತಳ್ಳುತ್ತೆ ಅಂತ ಹೇಳ್ತಿದ್ದೀನಿ. ಟರ್ನ್‌ಕೀ ಬೇಡ ಅಂತಲೂ ಅಲ್ಲ. ಟರ್ನ್‌ಕೀ ಆದ್ರೆ ತಪಾಸಣೆ ಎರಡು ಪಟ್ಟು ಬೇಕು, ಅಷ್ಟೇ.

ಬೆಲೆ ವಿಷಯದಲ್ಲಿ ನಾವು, ಅಂದ್ರೆ ಮಾಧ್ಯಮದವರು, ಒಂದು ತಪ್ಪು ಮಾಡ್ತೀವಿ. "ಟೆಂಡರ್ ಆದ ಮೇಲೆ ರೇಟ್ ಏರಿಸಿದ್ರು, ಹಗರಣ!" ಅಂತ ಬ್ರೇಕಿಂಗ್ ಹಾಕ್ತೀವಿ. ಕೆಲವು ಸಲ ಹಗರಣವೇ ಇರಬಹುದು. ಆದ್ರೆ ಅಲ್ಯೂಮಿನಿಯಂ ಬೆಲೆ ಲಂಡನ್ನಿನ ಲೋಹದ ಮಾರುಕಟ್ಟೆಯಲ್ಲಿ 2020ರ ಏಪ್ರಿಲ್‌ನಲ್ಲಿ ಟನ್‌ಗೆ 1,500 ಡಾಲರ್ ಆಸುಪಾಸು ಇತ್ತು. ಎರಡೇ ವರ್ಷ. 2022ರ ಮಾರ್ಚ್‌ನಲ್ಲಿ, ಉಕ್ರೇನ್ ಯುದ್ಧ ಶುರುವಾದಾಗ, 4,000 ಡಾಲರ್ ಹತ್ತಿರ ಹೋಯ್ತು. ಹಳೇ ರೇಟಿಗೇ ಕೊಡು ಅಂತ ಕತ್ತು ಹಿಡಿದ್ರೆ ತಯಾರಕ ಏನು ಮಾಡ್ತಾನೆ? ಒಂದೋ ಓಡಿ ಹೋಗ್ತಾನೆ, ಇಲ್ಲಾ ಅಲ್ಯೂಮಿನಿಯಂ ಕಡಿಮೆ ಹಾಕ್ತಾನೆ. ಅದಕ್ಕೇ ಒಪ್ಪಂದದಲ್ಲಿ ಬೆಲೆ ಏರಿಳಿತದ ಷರತ್ತು ಇರುತ್ತೆ, ಲೋಹದ ಬೆಲೆಗೆ ಸೂತ್ರ ಕಟ್ಟಿರ್ತಾರೆ. ಏರಿದಾಗ ಏರಲಿ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಲೋಹ ಇಳಿದಾಗ ಬೆಲೆ ಇಳಿಸಿದ್ರಾ? ಆ ಕಡತ ತೋರಿಸಿ. ಸೂತ್ರ ಎರಡೂ ಕಡೆ ಕೆಲಸ ಮಾಡಬೇಕಲ್ವಾ?

ಸರಿ, ಲೋಹವನ್ನ ತೂಗಬಹುದು. ತೂಗೋಕೆ ಆಗದೇ ಇರೋದು ಒಂದಿದೆ. ಆ ಮೂರೂವರೆ ಮಿಲಿಮೀಟರ್ ಹೊದಿಕೆ.

ಕಂಬದ ಮೇಲಿನ ತಂತಿಗೆ ಹೊದಿಕೆ ಬೇಕಿಲ್ಲ, ಅದರ ಸುತ್ತ ಗಾಳಿ ಇದೆ. ಗಾಳಿ ಪುಕ್ಕಟೆ. ಮಣ್ಣಿಗೆ ಇಳಿಸಿದ ತಕ್ಷಣ ಆ ಗಾಳಿಯ ಕೆಲಸವನ್ನ ಈ ಪ್ಲಾಸ್ಟಿಕ್ ಮಾಡಬೇಕು. ಹಗಲು ರಾತ್ರಿ, ಮಳೆ ಬೇಸಿಗೆ, ಮೂವತ್ತು ವರ್ಷ. ಅದರೊಳಗೆ ಒಂದು ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆ, ಒಂದು ಕಸದ ಕಣ ಇದ್ರೂ ಸಾಕು. ನೀರಿನ ತೇವ ಸೇರಿದ್ರೆ ವಿದ್ಯುತ್ತಿನ ಒತ್ತಡಕ್ಕೆ ಆ ಜಾಗದಿಂದ ಮರದ ಕೊಂಬೆ ಥರ ಸೂಕ್ಷ್ಮ ಬಿರುಕು ಬೆಳೆಯುತ್ತೆ. ಎಂಜಿನಿಯರುಗಳು ಅದಕ್ಕೆ ವಾಟರ್ ಟ್ರೀ ಅಂತಾರೆ, ನೀರಿನ ಮರ. ವರ್ಷಗಟ್ಟಲೆ ಬೆಳೆಯುತ್ತೆ. ಒಂದು ದಿನ ಆಚೆ ದಡ ಮುಟ್ಟುತ್ತೆ. ಅವತ್ತು ಢಮಾರ್.

ಇದು ನನ್ನ ಕಲ್ಪನೆ ಅಲ್ಲ. 1960ರ ದಶಕದ ಕೊನೆಯಲ್ಲಿ, 70ರ ದಶಕದಲ್ಲಿ ಅಮೆರಿಕ, ಜರ್ಮನಿಯಂಥ ದೇಶಗಳೇ ಇಂಥ ಪ್ಲಾಸ್ಟಿಕ್ ಹೊದಿಕೆಯ ಕೇಬಲ್ಲುಗಳನ್ನ ಅಗ್ಗ ಮತ್ತು ಸುಲಭ ಅಂತ ಸಾವಿರಾರು ಮೈಲಿ ಹೂತು ಹಾಕಿದವು. ಮೂವತ್ತು ನಲವತ್ತು ವರ್ಷ ಬರುತ್ತೆ ಅಂದುಕೊಂಡಿದ್ದವು, ಹತ್ತು ಹದಿನೈದು ವರ್ಷಕ್ಕೇ ಅವುಗಳಲ್ಲಿ ಎಷ್ಟೋ ಕೈಕೊಟ್ಟವು. ಕಾರಣ ಇದೇ ನೀರಿನ ಮರ. ಆಮೇಲೆ ಅವರು ಪ್ಲಾಸ್ಟಿಕ್ ಬದಲಾಯಿಸಿದರು, ಹಬೆಯಲ್ಲಿ ಬೇಯಿಸೋದು ಬಿಟ್ಟು ಒಣ ವಿಧಾನದಲ್ಲಿ ತಯಾರಿಸೋಕೆ ಶುರು ಮಾಡಿದರು, ಪರೀಕ್ಷೆ ಬಿಗಿ ಮಾಡಿದರು. ಅವರು ದುಡ್ಡು ಕಳ್ಕೊಂಡು ಕಲಿತದ್ದು ಇವತ್ತು ನಮಗೆ ಮಾನಕದ ಪುಸ್ತಕದಲ್ಲಿ ಅಗ್ಗಕ್ಕೆ ಸಿಗುತ್ತೆ. ನಮ್ಮಲ್ಲಿ ಐಎಸ್ 7098 ಅಂತಾರೆ. ಹುರಿಯ ಪ್ರತಿರೋಧ ಅಳೆಯಿರಿ, ಹೊದಿಕೆಯೊಳಗೆ ಸಣ್ಣ ಕಿಡಿ ಹಾರ್ತಿದೆಯಾ ನೋಡಿ, ಹೆಚ್ಚಿನ ವೋಲ್ಟೇಜ್ ಕೊಟ್ಟು ತಡೀತಾ ನೋಡಿ. ಎಲ್ಲಾ ಬರೆದಿದೆ.

ಮತ್ತೆ ನಮ್ಮ ಅದೃಷ್ಟ ನೋಡಿ. ಈ ಪರೀಕ್ಷೆ ಮಾಡೋ ದೇಶದ ದೊಡ್ಡ ಸಂಸ್ಥೆ ಎಲ್ಲಿದೆ? ದೆಹಲಿಯಲ್ಲಿ ಅಲ್ಲ. ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಸಿಪಿಆರ್‌ಐ, 1960ರಲ್ಲಿ ಶುರುವಾದದ್ದು, ಅದರ ಕೇಂದ್ರ ಕಚೇರಿ ಇರೋದೇ ನಮ್ಮ ಬೆಂಗಳೂರಿನಲ್ಲಿ. ಊರಲ್ಲೇ ಡಾಕ್ಟರ್ ಇದ್ದಾರೆ. ರೋಗಿಯನ್ನ ಕರ್ಕೊಂಡು ಹೋಗಬೇಕು ಅಷ್ಟೇ.

ಆದ್ರೆ ಇಲ್ಲೊಂದು ತೂತಿದೆ. ಟೆಂಡರ್ ಹಾಕುವಾಗ ಕೊಡೋ ಟೈಪ್ ಟೆಸ್ಟ್ ವರದಿ ಇದೆಯಲ್ಲ, ಅದು ಎಂದೋ ಒಂದು ದಿನ ಒಂದು ಒಳ್ಳೆಯ ತುಂಡಿಗೆ ಸಿಕ್ಕ ಸರ್ಟಿಫಿಕೇಟ್. ಸಂಬಂಧ ನೋಡೋಕೆ ಕಳಿಸಿದ ಫೋಟೋ ಥರ. ಮದುವೆ ಮಂಟಪಕ್ಕೆ ಬಂದವರು ಅವರೇನಾ? ಅದನ್ನ ತಿಳಿಯೋಕೆ ಇರೋದು ಒಂದೇ ದಾರಿ. ಉಗ್ರಾಣಕ್ಕೆ ಬಂದಿಳಿದ ಚಕ್ರಗಳಲ್ಲಿ ಯಾವುದು ಅಂತ ಮೊದಲೇ ಹೇಳದೆ ಒಂದೆರಡನ್ನ ಆರಿಸಿ, ತುಂಡು ಕತ್ತರಿಸಿ, ಸೀಲ್ ಹಾಕಿ, ತಯಾರಕನಿಗೆ ಸಂಬಂಧ ಇಲ್ಲದ ಲ್ಯಾಬ್‌ಗೆ ಕಳಿಸೋದು. ಕಾರ್ಖಾನೆಗೆ ಹೋಗಿ, ಅವರದೇ ಊಟ ಮಾಡಿ, ಅವರದೇ ಮೀಟರ್‌ನಲ್ಲಿ ನೋಡಿ ಬರೋ ತಪಾಸಣೆ ಬೇಕು, ಬೇಡ ಅಂತಲ್ಲ. ಅದೊಂದೇ ಸಾಲದು.

ಇಷ್ಟೆಲ್ಲ ಸರಿಯಾಯ್ತು ಅಂತಲೇ ಇಟ್ಕೊಳ್ಳಿ. ಒಳ್ಳೆಯ ಕೇಬಲ್ ಬಂತು. ಕಥೆ ಮುಗೀತಾ? ಇಲ್ಲ. ಕೇಬಲ್ ಚಕ್ರದ ಮೇಲೆ ಇದ್ದಾಗಿನ ಶಕ್ತಿ ಬೇರೆ, ಮಣ್ಣಿನಲ್ಲಿ ಮಲಗಿದ ಮೇಲಿನ ಶಕ್ತಿ ಬೇರೆ. ಇದನ್ನ ಇಡೀ ಜಗತ್ತಿಗೆ ಕಲಿಸಿದ ಊರು ನ್ಯೂಜಿಲೆಂಡ್‌ನ ಆಕ್ಲೆಂಡ್.

1998ನೇ ಇಸವಿ. ಆ ನಗರದ ಹೃದಯಭಾಗಕ್ಕೆ, ಅಂದ್ರೆ ಅವರ ಎಂ.ಜಿ. ರಸ್ತೆ, ಮೆಜೆಸ್ಟಿಕ್ ಅನ್ಕೊಳ್ಳಿ, ವಿದ್ಯುತ್ ಕೊಡ್ತಿದ್ದದ್ದು 110 ಕಿಲೋವೋಲ್ಟಿನ ನಾಲ್ಕು ಭೂಗತ ಕೇಬಲ್. ಅಲ್ಲಿ ಜನವರಿ ಫೆಬ್ರವರಿ ಬೇಸಿಗೆ. ಆ ವರ್ಷ ಸುಡು ಬೇಸಿಗೆ, ಮಣ್ಣು ಒಣಗಿತ್ತು. ಜನವರಿ 22ಕ್ಕೆ ಒಂದು ಕೇಬಲ್ ಹೋಯ್ತು. ಫೆಬ್ರವರಿ 9ಕ್ಕೆ ಎರಡನೇದು. ಉಳಿದ ಎರಡರ ಮೇಲೆ ಭಾರ ಬಿತ್ತು. 19ಕ್ಕೆ ಮೂರನೇದು. 20ಕ್ಕೆ ನಾಲ್ಕನೇದು. ಒಂದು ಆಧುನಿಕ ನಗರದ ನಡು ಕತ್ತಲಾಯ್ತು, ಒಂದು ರಾತ್ರಿಗಲ್ಲ, ಸುಮಾರು ಐದು ವಾರ. ಕಚೇರಿಗಳು ಊರು ಬಿಟ್ಟು ಹೋದವು, ಹೋಟೆಲ್‌ಗಳು ಬಾಗಿಲು ಹಾಕಿದವು, ರಸ್ತೆ ತುಂಬ ಜನರೇಟರ್. ಕೊನೆಗೆ ಬಚಾವ್ ಮಾಡಿದ್ದು ಏನು ಗೊತ್ತಾ? ರೈಲು ಹಳಿ ಪಕ್ಕದಲ್ಲಿ ತುರ್ತಾಗಿ ಕಂಬ ನೆಟ್ಟು ಎಳೆದ ತಂತಿ. ನೆಲದ ಕೆಳಗಿನದು ಕೈಕೊಟ್ಟಾಗ ನೆಲದ ಮೇಲಿನದು ಬಂತು.

ಸರ್ಕಾರ ವಿಚಾರಣೆ ಮಾಡಿಸಿತು. ಹೊರಬಿದ್ದ ವಿಷಯಗಳಲ್ಲಿ ಮುಖ್ಯವಾದದ್ದು ಇದು: ಆ ಕೇಬಲ್‌ಗಳು ಇಷ್ಟು ಭಾರ ಹೊರುತ್ತವೆ ಅಂತ ಕಾಗದದಲ್ಲಿ ಬರೆದಿತ್ತಲ್ಲ, ಅಷ್ಟನ್ನ ಹೊರೋ ಶಕ್ತಿ ಆ ಮಣ್ಣಿನಲ್ಲಿ ಅವಕ್ಕೆ ಇರಲಿಲ್ಲ. ಒಣ ಮಣ್ಣು ಶಾಖವನ್ನ ಹೊರಗೆ ಬಿಡಲ್ಲ. ಕಂಬಳಿ ಹೊದ್ದು ಓಡಿದ ಹಾಗೆ. ಅಂದ್ರೆ ಕೇಬಲ್ ಕೊಳ್ಳೋದು ಅಂದ್ರೆ ಬರೀ ಕೇಬಲ್ ಕೊಳ್ಳೋದಲ್ಲ. ಅದರ ಸುತ್ತ ಹಾಕೋ ಮರಳು, ಅದು ಮಲಗೋ ಆಳ, ಪಕ್ಕದ ಕೇಬಲ್ಲಿಗೂ ಅದಕ್ಕೂ ಇರೋ ದೂರ, ಇವೆಲ್ಲ ಖರೀದಿಯ ಭಾಗ. ನಮ್ಮ ಮಾನಕದ ಪ್ರಕಾರ ಹನ್ನೊಂದು ಸಾವಿರ ವೋಲ್ಟಿನ ಕೇಬಲ್ ಕನಿಷ್ಠ 0.9 ಮೀಟರ್ ಆಳದಲ್ಲಿರಬೇಕು, ಅಂದ್ರೆ ಮೂರು ಅಡಿ. ಇನ್ನು ಮುಂದೆ ಗುಂಡಿ ಕಂಡಾಗ ನಿಮ್ಮ ಸೊಂಟಕ್ಕೆ ಬರುತ್ತಾ, ಮೊಣಕಾಲಿಗೇ ಮುಗಿಯುತ್ತಾ ನೋಡಿ. ಇದಕ್ಕೆ ಎಂಜಿನಿಯರಿಂಗ್ ಡಿಗ್ರಿ ಬೇಡ.

ಮತ್ತೊಂದು ಜಾಯಿಂಟು. ಚಕ್ರದಲ್ಲಿ ಬರೋದು ಸಾಮಾನ್ಯವಾಗಿ 250ರಿಂದ 500 ಮೀಟರ್ ಕೇಬಲ್. ಮುಗಿದ ಕಡೆ ಇನ್ನೊಂದಕ್ಕೆ ಜೋಡಿಸಬೇಕು. ಆ ಜೋಡಣೆ ಕೈಕೆಲಸ. ಸ್ವಲ್ಪ ಧೂಳು, ಬೆವರಿನ ಒಂದು ಹನಿ, ಚಾಕುವಿನ ಒಂದು ಗೀರು ಒಳಗೆ ಉಳಿದ್ರೂ ಮುಂದೊಂದು ಮಳೆಗಾಲದಲ್ಲಿ ಅದು ಎದ್ದು ಬರುತ್ತೆ.

ನನಗೊಂದು ರಾತ್ರಿ ನೆನಪಿದೆ. ನಾನಾಗ ಬಾಡಿಗೆಗಿದ್ದ ಬೀದಿಯಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಊರಿನ ಹೆಸರು, ಕಂಪನಿಯ ಹೆಸರು ಬೇಡ. ಬುಲೆಟಿನ್ ಮುಗಿಸಿ ರಾತ್ರಿ ಒಂದೂವರೆಗೆ ಬಂದೆ. ಜಿನುಗು ಮಳೆ. ಗುಂಡಿಯೊಳಗೆ ಇಬ್ಬರು. ಒಬ್ಬ ಹುಡುಗ ಮೇಲೆ ಟಾರ್ಪಾಲು ಹಿಡಿದು ನಿಂತಿದ್ದ. ಕೆಳಗೆ ಕೂತಿದ್ದ ಹಿರಿಯ ಜಾಯಿಂಟರ್ ತಲೆಗೆ ಟಾರ್ಚ್ ಕಟ್ಕೊಂಡು, ತಾಯಿ ಮಗುವಿನ ಕಿವಿ ಒರೆಸ್ತಾಳಲ್ಲ, ಹಾಗೆ ಕೇಬಲ್ಲಿನ ತುದಿ ಒರೆಸ್ತಿದ್ದ. ನಾನು ಟಿವಿಯವನು ಅಂತ ಗುರುತು ಸಿಕ್ತು. "ಸರ್, ಈ ನೂರು ಅಡಿಯಲ್ಲಿ ಇದು ಮೂರನೇ ಜಾಯಿಂಟು" ಅಂದ. "ಯಾಕೆ ಹೀಗೆ?" ಅಂದೆ. "ಕೇಬಲ್ ಕೊಂಡೋರನ್ನ ಕೇಳಿ ಸರ್. ನಮ್ಮ ಕೈಗೆ ಬರೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ" ಅಂದ. ಬೆಳಗ್ಗೆ ನಾಲ್ಕಕ್ಕೆ ಫ್ಯಾನ್ ತಿರುಗ್ತು. ಆ ಮನುಷ್ಯನ ಹೆಸರೂ ನಾನು ಕೇಳಿರಲಿಲ್ಲ.

ಮಾರನೇ ದಿನ ನಮ್ಮ ಚಾನೆಲ್‌ನಲ್ಲಿ ಏನು ಬಂತು ಗೊತ್ತಾ? "ಎರಡು ದಿನ ಕತ್ತಲಲ್ಲಿ ನಿವಾಸಿಗಳ ಪರದಾಟ." ಕೇಬಲ್ ಯಾರು ಕೊಂಡರು, ಯಾವ ವರ್ಷ, ಯಾವ ಪರೀಕ್ಷೆ ಆಗಿತ್ತು, ಒಂದು ಸಾಲೂ ಇಲ್ಲ. ಬರೆದವನು ನಾನೇ. ಅದಕ್ಕೇ ಇವತ್ತು ಈ ಮಾತು. ನಾವು ಟಿವಿಯವರು ಗುಂಡಿ ತೋರಿಸ್ತೀವಿ, ಕಿಡಿ ತೋರಿಸ್ತೀವಿ, ಸತ್ತ ಮೇಲೆ ಅಳೋರನ್ನ ತೋರಿಸ್ತೀವಿ. ಟೆಂಡರ್ ಕಡತಕ್ಕೆ ದೃಶ್ಯ ಇಲ್ಲ, ಹಾಗಾಗಿ ತೋರಿಸಲ್ಲ. ಆ ಕಡತದಲ್ಲೇ ಎಲ್ಲಾ ಇರುತ್ತೆ.

ಏನು ಕೇಳಬೇಕು? ಐದೇ ಪ್ರಶ್ನೆ. ಬರ್ಕೊಳ್ಳಿ.

ಒಂದು, ನಮ್ಮ ಬೀದಿಗೆ ಹಾಕಿರೋ ಕೇಬಲ್ ಯಾವ ತಯಾರಕರದ್ದು, ಯಾವ ವರ್ಷದ್ದು, ಚಕ್ರದ ಸಂಖ್ಯೆ ಏನು? ಎರಡು, ಆ ಸರಕಿನಿಂದ ತುಂಡು ತೆಗೆದು ಸ್ವತಂತ್ರ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿದ್ರಾ, ಪ್ರತಿರೋಧ ಎಷ್ಟು ಬಂತು? ಮೂರು, ಎಷ್ಟು ಆಳಕ್ಕೆ ಹಾಕಿದ್ರಿ, ಮುಚ್ಚೋಕೆ ಮುಂಚಿನ ಫೋಟೋ ಇದೆಯಾ? ನಾಲ್ಕು, ಜಾಯಿಂಟುಗಳು ಎಲ್ಲೆಲ್ಲಿವೆ, ನಕ್ಷೆ ಇದೆಯಾ, ಆ ನಕ್ಷೆ ಜಲಮಂಡಳಿಗೂ ಗ್ಯಾಸ್ ಪೈಪಿನವರಿಗೂ ಕೊಟ್ಟಿದ್ದೀರಾ? ಯಾಕಂದ್ರೆ ನಾಳೆ ಅಗೆಯೋದು ಅವರೇ, ನಿಮ್ಮ ಕೇಬಲ್ ಕತ್ತರಿಸೋದೂ ಅವರೇ. ಐದು, ಗ್ಯಾರಂಟಿ ಎಷ್ಟು ವರ್ಷ, ಆ ಅವಧಿಯಲ್ಲಿ ಕೆಟ್ಟಾಗ ರಿಪೇರಿ ದುಡ್ಡು ಯಾರು ಕೊಟ್ಟರು?

ಕೇಳೋದೆಲ್ಲಿ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿ ಶುಲ್ಕ. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮುಂಚೆ ಸಾರ್ವಜನಿಕ ವಿಚಾರಣೆ ನಡೆಸುತ್ತೆ, ಯಾರು ಬೇಕಾದ್ರೂ ಆಕ್ಷೇಪಣೆ ಹಾಕಬಹುದು. ಸಾಮಾನ್ಯವಾಗಿ ಅಲ್ಲಿ ಹೋಗೋದು ಕೈಗಾರಿಕೆಯವರು, ರೈತ ಸಂಘದವರು. ಅಪಾರ್ಟ್‌ಮೆಂಟ್ ಸಂಘಗಳು ವಾಟ್ಸಾಪ್‌ನಲ್ಲಿ ಜಗಳ ಆಡೋದು ಬಿಟ್ಟು ಒಂದು ಸಲ ಅಲ್ಲಿಗೆ ಹೋಗಿ ಈ ಐದು ಪ್ರಶ್ನೆ ಇಟ್ಟು ನೋಡಲಿ.

ಬೆಸ್ಕಾಂ ಆಗಲಿ, ಬೇರೆ ಯಾವುದೇ ವಿದ್ಯುತ್ ಕಂಪನಿ ಆಗಲಿ, ಈ ಪ್ರಶ್ನೆಗಳಿಗೆ ಹೆದರಬೇಕಾಗಿಲ್ಲ. ಸರಿಯಾಗಿ ಕೊಂಡ ಎಂಜಿನಿಯರ್‌ಗೆ ಈ ಉತ್ತರಗಳೇ ರಕ್ಷಣೆ. ಒಳ್ಳೆಯ ಮಾಲು ಕೊಡೋ ತಯಾರಕನಿಗೂ ಇದೇ ಬೇಕು. ಇಲ್ಲದಿದ್ರೆ ಕಳಪೆ ಮಾಲಿನವನು ಎರಡು ರೂಪಾಯಿ ಕಡಿಮೆ ಬರೆದು ಅವನನ್ನ ಹೊರಗೆ ಹಾಕ್ತಾನೆ.

ಹೋಪ್ ಫಾರ್ಮ್‌ನ ಆ ತಾಯಿ ಮಗುವಿಗೆ ನಾವು ಕೊಟ್ಟ ಮಾತು ಏನು? ತಂತಿಯನ್ನ ಕಾಲಿಗೆ ಸಿಗದ ಹಾಗೆ ಮಾಡ್ತೀವಿ ಅಂತ. ಆ ಮಾತನ್ನ ಈಗ ಮೂರು ಅಡಿ ಆಳದಲ್ಲಿ ಹೂಳ್ತಾ ಇದ್ದೀವಿ. ಅದರ ಜೊತೆಗೆ ಬೇರೆ ಏನನ್ನೂ ಹೂಳದ ಹಾಗೆ ನೋಡ್ಕೊಳ್ಳೋದು ನಮ್ಮ ಕೆಲಸ. ನಾಳೆ ಬೆಳಗ್ಗೆ ನಿಮ್ಮ ಬೀದಿಯಲ್ಲಿ ಆ ಮರದ ಚಕ್ರ ಕಂಡ್ರೆ ಒಂದು ನಿಮಿಷ ನಿಲ್ಲಿ. ಮೇಲೆ ಅಚ್ಚಾಗಿರೋದನ್ನ ಓದಿ, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ. ಮಣ್ಣು ಮುಚ್ಚೋಕೆ ಮುಂಚೆ.